ಗಂಟು ಬಿಚ್ಚದ ಸೋಲಾರ್

ಚಾಮರಾಜಪೇಟೆ, ಬೆಂಗಳೂರು
ತಾ. 16-3-2009, ಸೋಮವಾರ

ಚಿರಂಜೀವಿ ರುದ್ರೇಶನಿಗೆ,

ನಿನ್ನ ಅಕ್ಕ ಸರ್ವಮಂಗಳಾ ಬರೆಯುವುದು. ನಾವು ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೆ ಇದ್ದೇವೆ ಎಂದು ಬರೆದೆ. ನಿನ್ನ ಹೊಟ್ಟೆ ಉರಿ ಹೇಗಿದೆ? ದಾವಣಗೆರೆಯ ಬಿಸಿಲಿಗೆ ಆ ಮಿರ್ಚಿ, ಮಂಡಕ್ಕಿ ಎಲ್ಲ ತಿನ್ನಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಮಗುವಿಗೆ ಕೆಮ್ಮು ಬಿಟ್ಟಿತೇ? ಗ್ಯಾಸಿನ ಟ್ಯೂಬು ಬಿರುಕು ಬಿಟ್ಟಿದೆ ಎಂದಿದ್ದೆ, ಬದಲಾಯಿಸಿದೆಯೋ ಇಲ್ಲವೋ? ಅದನ್ನು ನೆನೆದರೆ ನನಗೆ ಒಂದೊಂದು ಸಲ ಕೈಯಲ್ಲಿರುವ ಕೆಲಸ ಜಾರಿಹೋಗುತ್ತದೆ. ಈ ಕಾಗದ ಓದಿ ಮುಗಿಸುವ ಮೊದಲು ಬೇಕಾದರೆ ಎದ್ದು ಹೋಗಿ ಅದನ್ನು ನೋಡಿ ಬಾ.

ಮನೆಯಲ್ಲಿ ಫೋನು ಇಟ್ಟುಕೊಂಡು ಕಾಗದ ಯಾಕೆ ಎಂದು ನಗುತ್ತೀಯೇನೋ. ಫೋನಿನಲ್ಲಿ ನೀನು ಒಂದು ಸಲ ಅಕ್ಕಾ ಎಂದರೆ ಸಾಕು, ನಾನು ಹೇಳಬೇಕಾದ್ದೆಲ್ಲ ಮರೆತು ಊಟ ಆಯ್ತೇನೋ ಎಂದು ಕೇಳಿಬಿಡುತ್ತೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಬರಹ, ತಪ್ಪಿದ್ದರೆ ಸರಿಮಾಡಿಕೊಂಡು ಓದು. ಯಾಕೆ ಬಿಟ್ಟೆ ಎಂದು ನಿನಗೆ ಗೊತ್ತಲ್ಲ. ಅಮ್ಮ ಹೋದಾಗ ನಿನಗೆ ಎರಡು ವರ್ಷ. ಪುಸ್ತಕದ ಚೀಲ ಕೆಳಗಿಟ್ಟು ನಿನ್ನನ್ನು ಎತ್ತಿಕೊಂಡೆ. ಇದನ್ನು ಹಂಗಿಸುವುದಕ್ಕೆ ಬರೆಯುತ್ತಿಲ್ಲ. ಇಲ್ಲ, ಸ್ವಲ್ಪ ಹಂಗಿಸುವುದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ, ನನಗೆ ಒಂದು ಸಲ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಬೇಕಾಗಿದೆ. ಐಶ್ವರ್ಯ ಎಂಟನೇ ವರ್ಷದಲ್ಲಿ ಸ್ಕೂಲಿನ ಪ್ರಾರ್ಥನೆಯ ಹೊತ್ತಿಗೆ ಬಿದ್ದು, ಕೈಕಾಲು ಸೆಟೆದುಕೊಂಡು, ನೊರೆ ಬಂದು, ಆಟೋದಲ್ಲಿ ಮನೆಗೆ ತಂದರಲ್ಲ, ಆ ದಿನವೇ ನಾನು ಮಾದಪ್ಪನಿಗೆ ಹೇಳಿಕೊಂಡೆ. ಒಂಬತ್ತು ಶಿವರಾತ್ರಿ, ನಮ್ಮ ಮನೆಯ ಹೊಸಿಲಿಂದ ನಿನ್ನ ಬೆಟ್ಟದವರೆಗೆ ಕಾಲ್ನಡಿಗೆಯಲ್ಲಿ ಬರುತ್ತೇನೆ, ಮಗುವನ್ನು ಉಳಿಸಿಕೊಡು ಎಂದು. ಹೆಂಗಸು ಆರು ದಿನ ದಾರಿಯಲ್ಲಿ, ಕಾಡಿನಲ್ಲಿ ಮಲಗುವುದು ಬೇಡ ಎಂದು ಅಪ್ಪ ಹಟ ಹಿಡಿದರು. ನನ್ನ ಎಡ ಮಂಡಿಯೂ ಆಗಲೇ ಕೈಕೊಟ್ಟಿತ್ತು. ಆಗ ನೀನು ಜಗಲಿಯ ಮೇಲೆ ಕೂತು, “ಒಂದೇ ಹೊಟ್ಟೇಲಿ ಹುಟ್ಟಿದೀವಿ, ನಿನ್ನ ಕಾಲು ಬೇರೆ ನನ್ನ ಕಾಲು ಬೇರೆನಾ ಅಕ್ಕಾ? ನಾನ್ ನಡೀತೀನಿ ಬಿಡು” ಎಂದೆ. ಒಡಹುಟ್ಟಿದವನು ನಡೆದರೆ ನೀನು ನಡೆದ ಹಾಗೆಯೇ ಎಂದು ಅಪ್ಪನೂ ಹೇಳಿದರು. ಅವತ್ತು ನಿನ್ನ ಮುಖ ನೋಡಿ ನನಗೆ, ಬಿಟ್ಟುಹೋದ ಸ್ಕೂಲು ತಿರುಗಿ ಬಂದಷ್ಟು ಸಂತೋಷವಾಗಿತ್ತು ಕಣೋ.

ಅಲ್ಲಿಂದ ಪ್ರತಿ ವರ್ಷ ನೀನು ಎಲ್ಲಿದ್ದರೂ ಬಂದು, ಅಕ್ಕಿಪೇಟೆಯ ತಂಡದ ಜೊತೆ ಹೊರಡುತ್ತಿದ್ದೆ. ಪ್ರತಿ ವರ್ಷ ಕನಕಪುರ ದಾಟುತ್ತಲೇ ನಿನ್ನ ಫೋನು ಸತ್ತುಹೋಗುತ್ತಿತ್ತು. “ಕಾಡಲ್ಲಿ ಕರೆಂಟ್ ಎಲ್ಲಿ ಬರುತ್ತೆ ಅಕ್ಕಾ” ಎಂದು ಬಂದ ಮೇಲೆ ಹೇಳುತ್ತಿದ್ದೆ. ಸಂಗಮದಲ್ಲಿ ಹೊಳೆ ದಾಟುವಾಗ ಕಾಲು ಜಾರಿತೋ, ಆನೆ ಬಂತೋ ಎಂದು ನಾನು ಆ ನಾಲ್ಕು ದಿನ ಅನ್ನ ಕಲಸಿಟ್ಟು ಎದ್ದುಹೋಗುತ್ತಿದ್ದೆ. ಅದಕ್ಕೇ ಈ ಸಲ, ಒಂಬತ್ತನೇ ವರ್ಷ, ನಿನ್ನ ಭಾವನವರ ಪ್ರಾಣ ತಿಂದು ಮೆಜೆಸ್ಟಿಕ್ ಹತ್ತಿರದ ಅಂಗಡಿಯಿಂದ ಆ ಮಡಚುವ ಸೋಲಾರ್ ಚಾರ್ಜರ್ ತರಿಸಿದೆ. ಪಂಚಾಂಗದ ಹಾಗೆ ನಾಲ್ಕು ಹಾಳೆ, ಬಿಚ್ಚಿ ಬೆನ್ನಿನ ಚೀಲಕ್ಕೆ ನೇತುಹಾಕಿಕೊಂಡು ನಡೆದರೆ ನಡೆಯುತ್ತಾ ನಡೆಯುತ್ತಾ ಫೋನು ಚಾರ್ಜ್ ಆಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಹೊಸ ವಸ್ತು, ದೇವರ ಕೆಲಸಕ್ಕೆ ಹೋಗುತ್ತಿದೆ ಎಂದು ನಾನು ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಮಡಚಿದ ಹಾಗೆಯೇ ಅರಿಶಿನದ ದಾರ ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಅರಿಶಿನದ ಕೊಂಬು ಕಟ್ಟಿ ಮೂರು ಗಂಟು ಹಾಕಿದೆ. ಹೊಸಿಲು ದಾಟಿದ ಮೇಲೆ ಕತ್ತರಿಸಿಕೋ, ಕತ್ತರಿಸದೆ ಅದು ತೆರೆಯುವುದಿಲ್ಲ ಎಂದೆ. “ಆಯ್ತು ಕಣಕ್ಕಾ, ಹತ್ತನೇ ಸಲ ಹೇಳ್ತಿದೀಯ” ಎಂದೆ ನೀನು. ಹತ್ತು ಸಲ ಅಲ್ಲ, ಮೂರೇ ಸಲ ಹೇಳಿದ್ದೆ.

ಆಮೇಲೆ ಈ ವರ್ಷ ದಿನಾ ಸಂಜೆ ನಿನ್ನ ಫೋನು. ನಾನು ಅಡುಗೆ ಮನೆಯಿಂದ ಓಡಿ ಬರುತ್ತಿದ್ದೆ. “ಅಕ್ಕಾ, ಬೆನ್ನಿಗೆ ಕಟ್ಕೊಂಡಿದೀನಿ, ಒಂದೇ ಗಂಟೇಲಿ ಫುಲ್ ಚಾರ್ಜು! ದಾರೀಲಿ ಎಲ್ರೂ ನನ್ನ ಹಿಂದೇನೇ ಬರ್ತಿದಾರೆ. ಮಾದಪ್ಪನಿಗಿಂತ ನಿನ್ನ ಸೋಲಾರ್‌ಗೇ ಭಕ್ತರು ಜಾಸ್ತಿ” ಎಂದು ನಗಿಸಿದೆ. ಮಾರನೇ ದಿನ ಆ ದೊಡ್ಡಬೈರಪ್ಪನ ಕಥೆ. ಪಾಪ ಹಾರೋಹಳ್ಳಿಯ ಕಡೆಯ ಮುದುಕ, ಮನೆಯಲ್ಲಿ ಹಸು ಕರು ಹಾಕುವ ಹೊತ್ತು, ಹೆಂಡತಿಯ ಜೊತೆ ಮಾತಾಡಬೇಕು, ಅವನ ಫೋನು ಸತ್ತಿತ್ತು, ನೀನು ಬಂಡೆಯ ಮೇಲೆ ಸೋಲಾರ್ ಹರಡಿ ಅದಕ್ಕೆ ಜೀವ ಬರಿಸಿದೆ, ಅವನು ನಿನ್ನ ಕೈ ಹಿಡಿದು ಅತ್ತ. ನಾನು ಇದನ್ನು ಎದುರು ಮನೆಯ ಅಂಬುಜಮ್ಮನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ನನ್ನ ತಮ್ಮ ಎಂಥವನು ಎಂದು. ದೀಪ ಹಚ್ಚುವಾಗ ದೊಡ್ಡಬೈರಪ್ಪನ ಹಸುವಿಗೂ ಒಂದು ಬತ್ತಿ ಹಾಕಿದೆ. ಮೂರನೇ ದಿನ ಹೆಣ್ಣು ಕರುವೋ ಗಂಡು ಕರುವೋ ಎಂದು ನಾನೇ ಕೇಳಿದೆ. ನೀನು “ಆಂ?” ಎಂದು ಕೇಳಿ, ಆಮೇಲೆ “ಹೆಣ್ಣು ಅಕ್ಕಾ” ಎಂದೆ.

ನೀನು ಬಂದ ದಿನ ಬಾಗಿಲಲ್ಲಿ ಕೂರಿಸಿ, ಪ್ರತಿ ವರ್ಷದ ಹಾಗೆ ಬಿಸಿನೀರಿನಲ್ಲಿ ನಿನ್ನ ಪಾದ ತೊಳೆದೆ. “ಬೇಡ ಅಕ್ಕಾ, ದೊಡ್ಡವಳು ನೀನು” ಎಂದು ಕಾಲು ಹಿಂದಕ್ಕೆಳೆದುಕೊಂಡೆ. ಈ ಸಲ ಒಂದು ಬೊಬ್ಬೆಯೂ ಇರಲಿಲ್ಲ, ಒಂದು ತರಚು ಗಾಯವೂ ಇರಲಿಲ್ಲ. ನಾನು ಎಂಥ ದಡ್ಡಿ ನೋಡು, ಕೊನೆಯ ವರ್ಷ ಎಂದು ಮಾದಪ್ಪನೇ ನಿನ್ನ ಪಾದ ಕಾದಿದ್ದಾನೆ ಎಂದುಕೊಂಡು ಆ ನೀರನ್ನು ಕಣ್ಣಿಗೆ ಒತ್ತಿಕೊಂಡೆ. ನೀನು ಪ್ರಸಾದ ಕೊಟ್ಟು, ಚೀಲ ಇಲ್ಲೇ ಇರಲಿ ಎಂದು ಊರಿಗೆ ಹೊರಟೆ. ಮುಂದಿನ ಸೋಮವಾರ ಒಂಬತ್ತು ಜನ ಜಂಗಮರನ್ನು ಕರೆದು ಊಟ ಹಾಕಿ, ಐಶ್ವರ್ಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹರಕೆ ತೀರಿತು ತಂದೆ, ಒಂಬತ್ತೂ ನಡೆದು ಮುಗಿಸಿದೆವು ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳಿದೆ.

ಹೋದ ಬುಧವಾರ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಐಶ್ವರ್ಯ ಸ್ನೇಹಿತೆಯ ಮನೆಗೆ ಹೋಗಿದ್ದಳು, ನನ್ನ ಫೋನಿನಲ್ಲಿ ಬ್ಯಾಟರಿಯ ಒಂದೇ ಕಡ್ಡಿ ಉಳಿದಿತ್ತು, ಅವಳು ಫೋನ್ ಮಾಡಿದರೆ ಏನು ಗತಿ ಎಂದು ಬಾಗಿಲಿಗೂ ಒಳಗೂ ಓಡಾಡಿದೆ. ನಿನ್ನ ಚೀಲ ನೆನಪಾಯಿತು. ತಾರಸಿಯ ಮೇಲೆ ಸಂಡಿಗೆ ಹಾಕಿದ್ದೆ, ಅದರ ಪಕ್ಕದಲ್ಲಿ ಸೋಲಾರ್ ಇಟ್ಟರಾಯಿತು ಎಂದು ಹೊರಗೆ ತೆಗೆದೆ. ದಾರ ಇತ್ತು. ಅಡ್ಡಕ್ಕೂ ಉದ್ದಕ್ಕೂ. ಕೊಂಬು ಇತ್ತು. ನಾನು ಹಾಕಿದ ಮೂರು ಗಂಟು, ನನ್ನದೇ ಗಂಟು, ಎಡಗೈಯವಳು ನಾನು, ನಾನು ಹಾಕುವ ಗಂಟು ನನಗೆ ಗೊತ್ತಾಗುವುದಿಲ್ಲವೇ? ವಿಭೂತಿಯ ಮೂರು ಪಟ್ಟೆ ಬೆವರಿಗೆ ಒಂದು ಚೂರೂ ಕದಡಿರಲಿಲ್ಲ. ಸಂಡಿಗೆಗೆ ಕಾಗೆ ಬಂದು ಕೂತು ತಿನ್ನುತ್ತಿದ್ದರೂ ಓಡಿಸದೆ ನಿಂತಿದ್ದೆ.

ಆಮೇಲೆ ನಾನೇ ಕತ್ತರಿ ತಂದು ಕತ್ತರಿಸಿದೆ. ಹಾಳೆ ಬಿಡಿಸಿ ಬಿಸಿಲಿಗೆ ಒರಗಿಸಿ, ವೈರು ಸಿಕ್ಕಿಸಿ, ಫೋನು ಕಾಯುತ್ತದೆಂದು ಅದಕ್ಕೆ ಒಣ ಬಟ್ಟೆಯ ನೆರಳು ಮಾಡಿ, ನೀರಿನ ಟ್ಯಾಂಕಿನ ನೆರಳು ಬಂದಾಗಲೆಲ್ಲ ಎತ್ತಿ ಎತ್ತಿ ಇಟ್ಟೆ. ಹತ್ತು ಗಂಟೆಗೆ ಕೂತವಳು ಮೂರು ಗಂಟೆಗೆ ಎದ್ದೆ, ಅಷ್ಟಕ್ಕೆ ಮೂರು ಕಡ್ಡಿ ಬಂದಿತ್ತು. ನೀನು ಒಂದೇ ಗಂಟೆಯಲ್ಲಿ ಫುಲ್ ಎಂದಿದ್ದೆ. ಅದನ್ನು ಒಂದು ದಿನ ಬಿಸಿಲಿಗೆ ಇಟ್ಟಿದ್ದರೆ ಆ ಸುಳ್ಳನ್ನಾದರೂ ಸರಿಯಾಗಿ ಹೇಳುತ್ತಿದ್ದೆ.

ಮರುದಿನ ಅಕ್ಕಿಪೇಟೆಗೆ ಹೋಗಿ ನಿಮ್ಮ ತಂಡದ ಮುಂದಾಳು ಗಂಗಾಧರಯ್ಯನವರನ್ನು ಕೇಳಿದೆ. ಅವರು ತಕ್ಕಡಿ ಬಿಟ್ಟು ಎದ್ದು ನಿಂತರು. “ನಿಮ್ ತಮ್ಮ ಕನಕಪುರದವರೆಗೂ ನಮ್ ಜೊತೇಲೇ ಇದ್ರು ತಾಯಿ. ಅಲ್ಲಿ ಬಸ್ ಹತ್ತಿದ್ರು. ಮನೇಲಿ ಗೊತ್ತು ಅಂದ್ರು” ಎಂದರು. ಹೋದ ವರ್ಷ? ಅದರ ಹಿಂದಿನ ವರ್ಷ? “ಮೊದಲೆಲ್ಲ ತಂಡ ನಡೆಸ್ತಿದ್ದೋರು ತೀರ್ಕೊಂಡ್ರು, ನಾನು ಬಂದಿದ್ದೇ ಈ ವರ್ಷ. ನಿಮ್ ತಮ್ಮನ್ನೇ ಕೇಳಿ, ನನ್ನ ಬಾಯಲ್ಲಿ ಬೇಡ” ಎಂದು ಕುಡಿಯಲು ನೀರು ಕೊಟ್ಟರು. ದೊಡ್ಡಬೈರಪ್ಪ ಎನ್ನುವವರು ಯಾರೂ ತಂಡದಲ್ಲಿ ಇರಲಿಲ್ಲವಂತೆ.

ಸುಸ್ತಾಗಿದೆ ಅಕ್ಕಾ, ಈ ಸಲ ಆಗಲ್ಲ ಎಂದಿದ್ದರೆ ನಾನು ಏನು ಮಾಡುತ್ತಿದ್ದೆ? ಅಳುತ್ತಿದ್ದೆ, ಎರಡು ದಿನ ಮಾತಾಡುತ್ತಿರಲಿಲ್ಲ, ಆಮೇಲೆ ನಿನಗೆ ಗಂಜಿ ಕಾಸಿ ಕೊಡುತ್ತಿದ್ದೆ. ನನ್ನ ಗಾಬರಿಯೇ ನಿನಗೆ ಹೊರೆಯಾಯಿತೇನೋ ಎಂದೂ ಯೋಚಿಸಿದೆ. ಆದರೆ ಬಸ್ಸು ಹತ್ತಿದ್ದಕ್ಕಿಂತ ಆ ಕರು ನನ್ನನ್ನು ಹೆಚ್ಚು ಸುಡುತ್ತಿದೆ. ಬಸ್ಸು ಕಾಲು ನೋವಿಗೆ ಹತ್ತಿದೆ ಎಂದಿಟ್ಟುಕೊಳ್ಳೋಣ, ಕರು ಯಾವ ನೋವಿಗೆ ಹುಟ್ಟಿತು? ಐಶ್ವರ್ಯ, “ನಾನು ವಾಸಿ ಆಗಿದ್ದು ಮಾತ್ರೆಯಿಂದ ಕಣಮ್ಮ, ಮಾವನ ಕಾಲಿಂದ ಅಲ್ಲ. ಬಿಟ್ಹಾಕು” ಎನ್ನುತ್ತಾಳೆ. ಇರಬಹುದು. ಡಾಕ್ಟರು ದೇವರ ಹಾಗೆ ನೋಡಿದರು, ಒಂದು ಮಾತ್ರೆಯೂ ನಾನು ತಪ್ಪಿಸಿಲ್ಲ, ಈಗ ಅವರೇ ಕಡಿಮೆ ಮಾಡುತ್ತಿದ್ದಾರೆ. ಆದರೆ ಮಾತು ಕೊಟ್ಟವಳು ನಾನು. ಮಾದಪ್ಪ ತನ್ನ ಕೆಲಸ ಮಾಡಿದ್ದಾನೆ, ನಾನು ಮಾಡಿಲ್ಲ, ಮಾಡಿದೆ ಎಂದು ಬೇರೆ ಹೇಳಿದ್ದೇನೆ. ಹುಟ್ಟಿದ ಮೇಲೆ ನಾನು ದೇವರಿಗೆ ಹೇಳಿದ ದೊಡ್ಡ ಸುಳ್ಳು ಅದು, ಅದನ್ನು ನನ್ನ ಬಾಯಿಂದ ಹೇಳಿಸಿದವನು ನೀನು.

ಯುಗಾದಿಗೂ ಜನ ಬೆಟ್ಟಕ್ಕೆ ನಡೆಯುತ್ತಾರೆ. ಶನಿವಾರ ಬೆಳಿಗ್ಗೆ ನಾನು ಹೊರಡುತ್ತೇನೆ. ನಿನ್ನ ಭಾವನವರು ಮಂಡಿ ನೋವಿನ ಪಟ್ಟಿ ತಂದುಕೊಟ್ಟು, ಅಂಗಡಿಗೆ ಬೀಗ ಹಾಕಿ ಜೊತೆಗೆ ಬರುತ್ತೇನೆ ಎಂದಿದ್ದಾರೆ. ಐಶ್ವರ್ಯ ಅಂಬುಜಮ್ಮನ ಮನೆಯಲ್ಲಿ ಇರುತ್ತಾಳೆ. ಅಪ್ಪನಿಗೆ ನಿನ್ನ ವಿಷಯ ಹೇಳಿಲ್ಲ, ಈ ವಯಸ್ಸಿನಲ್ಲಿ ತಡೆಯಲಾರರು. ನೀನೂ ಹೇಳಬೇಡ.

ಮಗುವಿಗೆ ನನ್ನ ಮುತ್ತು. ನಿನ್ನ ಹೆಂಡತಿಗೆ ಆಶೀರ್ವಾದ. ನೀನು ಚೆನ್ನಾಗಿರು. ಬೇರೆ ಬರೆಯಲು ನನಗೆ ಬರುವುದಿಲ್ಲ.

ಇಂತಿ,
ನಿನ್ನ ಅಕ್ಕ
ಸರ್ವಮಂಗಳಾ

ಮರೆತಿದ್ದೆ. ಅಂಚೆಯವರು ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ದಾರಿಯಲ್ಲಿ ನನ್ನ ಫೋನು ಆನ್ ಇರುತ್ತದೆ. ಆದರೆ ನೀನು ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ. ಮೆಸೇಜು ಕಳಿಸು. ಒಂಬತ್ತರಲ್ಲಿ ನೀನು ಎಷ್ಟು ವರ್ಷ ನಡೆದಿಲ್ಲ? ಕಾರಣ ಬೇಡ, ಕ್ಷಮಿಸು ಎನ್ನುವುದೂ ಬೇಡ, ಒಂದು ಅಂಕಿ ಸಾಕು. ಅದು ಒಂದೇ ಆಗಿರಲಿ ಎಂದು ಬೇಡಿಕೊಳ್ಳುತ್ತಾ ನಡೆಯುತ್ತೇನೆ. ಆದರೆ ಒಂದಲ್ಲದಿದ್ದರೆ ನನ್ನನ್ನು ಸಮಾಧಾನ ಮಾಡಲು ಒಂದು ಎಂದು ಕಳಿಸಬೇಡ ಕಣೋ. ನೀನು ನಡೆಯದ ಅಷ್ಟೂ ವರ್ಷ ಇನ್ನು ನಾನೇ ನಡೆಯಬೇಕು, ಅಲ್ಲಿಯವರೆಗೆ ಈ ಮಂಡಿಯನ್ನು ಉಳಿಸಿಕೊಳ್ಳಬೇಕು.