ಭುಜ, ತೋಳು, ಮಣಿಕಟ್ಟು

ಭಾನುವಾರ, ಬೆಳಗಿನ ಚಹಾ ಆದ ಮೇಲೆ

ಕತ್ತರಿಗಿಂತ ಹರಿತ ನಾಲಿಗೆಯ ನನ್ನ ಅಣ್ಣನಿಗೆ,

ತಮ್ಮನ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ, ಕೇಳಿದರೆ ಏನೆಂದು ಬೈಯುತ್ತೀಯ ಅಂತ ಗೊತ್ತು. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಅತ್ತಿಗೆಯ ಕೈಗೆ ದಾಟಿಸಿಬಿಡುತ್ತೀಯ. ಕಾಗದವಾದರೆ ಮಾತನ್ನು ಅರ್ಧಕ್ಕೇ ಕತ್ತರಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ. ಹರಿದು ಬಿಸಾಡೋಣ ಅನ್ನಿಸಿದರೂ ಎಡಗೈ ಒಂದರಲ್ಲೇ ಹರಿಯುವುದು ಕಷ್ಟ. ಆ ಧೈರ್ಯದ ಮೇಲೆ ಮುಂದುವರಿಸುತ್ತೇನೆ.

ನೀನು ಹಾಕಿದ ಷರತ್ತು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ನೆನಪಿದೆ. ಲಕ್ವ ಹೊಡೆದು ನಿನ್ನ ಬಲಗೈ ಬಲಗಾಲು ಮಾತು ಕೇಳದಂತಾದ ಸುದ್ದಿ ಬಂದಾಗ ನಾನು ಲಾರಿಯನ್ನು ಅರ್ಧ ದಾರಿಯಲ್ಲಿ ಇನ್ನೊಬ್ಬನಿಗೆ ಒಪ್ಪಿಸಿ ಓಡಿ ಬಂದೆ. ನಿನ್ನ ಹೊಲಿಗೆ ಅಂಗಡಿ ದಾಟಿ, ಹಿಂದಿನ ಕೋಣೆಯ ಬಾಗಿಲು ತಳ್ಳಿ ನುಗ್ಗಿದೆ. ನೀನು ಮಂಚದ ಅಂಚಿಗೆ ವಾಲಿಕೊಂಡಿದ್ದೆ. ಹೂಂ ಇಲ್ಲ ಉಹೂಂ ಇಲ್ಲ, ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿಯೇಬಿಟ್ಟೆ. ನೀನು ಕೂಗಿದ ಕೂಗಿಗೆ ಎದುರು ಅಂಗಡಿಯವರೆಲ್ಲ ಬೀದಿಗೆ ಬಂದು ನಿಂತರು. ನಾನೇನು ಸಿಮೆಂಟ್ ಮೂಟೆಯೇನೋ, ನಿನ್ನ ಲಾರಿಗೆ ಏರಿಸೋಕೆ ಬಂದೆಯಾ ಅಂತ ಕೇಳಿದೆ. ಈ ಕೆಲಸ ಸರಿಯಾಗಿ ಕಲಿತು, ಪರೀಕ್ಷೆ ಪಾಸಾಗಿ, ಆಮೇಲೆ ಬಂದು ನನ್ನ ಮೈ ಮುಟ್ಟು, ಅಲ್ಲಿಯವರೆಗೆ ಈ ಕೋಣೆಗೆ ಕಾಲಿಟ್ಟರೆ ನೋಡು ಅಂದೆ.

ನೀನು ಸಿಟ್ಟಿನಲ್ಲಿ ಅಂದದ್ದು. ನಾನು ಅದನ್ನು ಆರ್ಡರ್ ಅಂತ ತಗೊಂಡೆ. ನೀನು ಹೇಳಿದ್ದನ್ನು ಹಾಗೇ ಮಾಡುವುದು ಚಿಕ್ಕಂದಿನಿಂದ ರೂಢಿ ತಾನೇ. ನೇಮಿಸಿದ ಇಬ್ಬರು ಸಹಾಯಕರನ್ನೂ ನೀನು ಬೈದು ಓಡಿಸಿದ್ದೀಯ ಅಂತ ಅತ್ತಿಗೆ ಹೇಳಿದರು. ಈಗ ನಿನ್ನನ್ನು ಹೊರಳಿಸುವುದು, ಒರೆಸುವುದು, ಕೂರಿಸುವುದು ಎಲ್ಲ ಅವರೊಬ್ಬರೇ. ಅವರ ಸೊಂಟ ಎಷ್ಟು ಹಾಳಾಗಿದೆ ಅಂದರೆ ನೀನು ನಿದ್ದೆ ಹೋದ ಮೇಲೆ ಗೋಡೆ ಹಿಡಿದು ನಡೆಯುತ್ತಾರೆ, ನೀನು ಎದ್ದಿರುವಾಗ ನೆಟ್ಟಗೆ ನಡೆಯುತ್ತಾರೆ. ಇದನ್ನು ನಿನಗೆ ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದರು. ಈಗ ಮಾತು ಮುರಿದೆ, ಬೈದರೆ ನನ್ನನ್ನು ಬೈ. ನೀನೂ ಅಷ್ಟೇ, ಕೋಣೆ ದಾಟಿ ನಿನ್ನ ಕತ್ತರಿಸುವ ಮೇಜಿನ ಹತ್ತಿರಕ್ಕೂ ಬಂದಿಲ್ಲ. ಬಟ್ಟೆ ಅಳೆದು ಬದುಕಿದವನು ಚಾವಣಿಯ ಬಿರುಕು ಎಣಿಸುತ್ತಾ ಮಲಗಿದ್ದೀಯ. ಹಾಗಾಗಿ ನಾನು ಪಾಸಾಗಲೇಬೇಕಿತ್ತು.

ತರಗತಿ ನಡೆಯುತ್ತಿದ್ದದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ. ಉದ್ದನೆಯ ಹಜಾರ, ಎರಡೂ ಕಡೆ ಕೋಣೆಗಳು, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕಂಬಿ. ಕಲಿಯಲು ಬಂದವರಲ್ಲಿ ಎಲ್ಲರಿಗಿಂತ ಹಿರಿಯ ನಾನೇ, ಮೀಸೆಯೂ ನನ್ನದೊಂದೇ. ಹುಡುಗಿಯರೆಲ್ಲ ಡ್ರೈವರಣ್ಣ ಅಂತ ಹೆಸರಿಟ್ಟರು. ಕಲಿಸುವ ಸಿಸ್ಟರ್ ಮಾತ್ರ ಯಾರಿಗೂ ರಿಯಾಯಿತಿ ಕೊಡುವವರಲ್ಲ. ಮೊದಲ ದಿನ ಹೇಳಿಕೊಟ್ಟದ್ದು ಏನು ಗೊತ್ತಾ? ಬಾಗಿಲು ತಟ್ಟುವುದು. ತಟ್ಟಿ, ಒಳಗಿನವರು ಬಾ ಅನ್ನುವವರೆಗೆ ಹೊರಗೆ ನಿಲ್ಲುವುದು. ಮಂಚದಲ್ಲಿ ಬಿದ್ದುಕೊಂಡವರಿಗೆ ಉಳಿದಿರುವ ಮನೆ ಅಂದರೆ ಆ ಕೋಣೆ ಒಂದೇ, ಅದಕ್ಕೆ ಯಜಮಾನರು ಅವರೇ ಅಂದರು. ನಾನು ಹೋಗಿ ತಟ್ಟಿದೆ, ತಟ್ಟಿದ ಕೂಡಲೇ ನುಗ್ಗಿದೆ. ವಾಪಸ್ ಹೋಗಿ ಮತ್ತೆ ತಟ್ಟಿ ಅಂದರು. ಆ ದಿನವೆಲ್ಲ ನಾನು ಒಂದೇ ಬಾಗಿಲು ತಟ್ಟಿದ್ದು.

ಆಮೇಲೆ ಒಂದೊಂದೇ ಬಂತು. ಕೈ ತೊಳೆಯುವುದು, ಬೆರಳ ಸಂದು, ಉಗುರು, ಮಣಿಕಟ್ಟು ಬಿಡದೆ. ಮುಖ ಒರೆಸುವಾಗ ಕಣ್ಣಿಗೆ ಸೋಪು ಮುಟ್ಟಿಸದೆ, ಮೂಗಿನ ಕಡೆಯಿಂದ ಹೊರಗೆ. ನೀರು ಬಿಸಿ ಇದೆಯಾ ಅಂತ ನಾವು ನೋಡಿದ ಮೇಲೂ ಅವರ ಕೈಗೆ ತಾಗಿಸಿ ಕೇಳುವುದು. ಊಟ ಮಾಡಿಸುವಾಗ ನಿಂತುಕೊಂಡು ತುರುಕದೆ, ಎದುರಿಗೆ ಕೂತು, ನುಂಗಿದ್ದು ನೋಡಿ ಮುಂದಿನ ಚಮಚ. ಹೊರಡುವ ಮುಂಚೆ ಕರೆಗಂಟೆ ಅವರ ಕೈಗೆ ಎಟುಕುವ ಹಾಗೆ ಇಡುವುದು. ಎಲ್ಲಕ್ಕಿಂತ ಕಷ್ಟದ್ದು ಯಾವುದೆಂದರೆ ಸುಮ್ಮನಿರುವುದು. ಅವರ ಕೈಲಾಗುವುದನ್ನು ಅವರೇ ಮಾಡಲಿ ಅಂತ ಬಿಡಬೇಕು, ಎಷ್ಟು ಹೊತ್ತಾದರೂ ಸರಿ. ಹಿಂದಿನವನು ಹಾರ್ನ್ ಹೊಡೆಯದಿದ್ದರೂ ಮುಂದೆ ನುಗ್ಗುವ ಜಾತಿ ನಮ್ಮದು, ನನಗೆ ಎಷ್ಟು ಕಷ್ಟವಾಗಿರಬೇಕು ನೀನೇ ಊಹಿಸು. ಮನೆಯಲ್ಲಿ ಹೆಂಡತಿಯನ್ನೇ ಮಂಚದ ಮೇಲೆ ಮಲಗಿಸಿ ಅಭ್ಯಾಸ ಮಾಡುತ್ತಿದ್ದೆ. ಇವಳು ಪ್ರತಿಸಲ ಗೊರಕೆ ಹೊಡೆದಳು. ನನ್ನ ಕೈ ಹಗುರವಾಗುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ಸಮಾಧಾನ ಮಾಡಿಕೊಂಡೆ.

ಮೊದಲ ಪರೀಕ್ಷೆಯಲ್ಲಿ ಫೇಲಾದೆ. ನಗಬೇಡ. ಸರಿ, ನಗು. ಮಂಚದಿಂದ ಗಾಲಿಕುರ್ಚಿಗೆ ಕೂರಿಸುವ ಪಾಠ. ಜೊತೆಗಾತಿ ಒಬ್ಬಳು ರೋಗಿಯಾಗಿ ಕೂತಿದ್ದಳು. ಸೊಂಟಕ್ಕೆ ಪಟ್ಟಿ ಕಟ್ಟಿದೆ, ಎಬ್ಬಿಸಿದೆ, ತಿರುಗಿಸಿದೆ, ಎಲ್ಲ ಬೆಣ್ಣೆಯ ಹಾಗೆ ಆಯಿತು. ಕೂರಿಸಬೇಕು ಅನ್ನುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರಿತು. ನನ್ನ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು, ಅಣ್ಣ. ಬ್ರೇಕ್ ಹಾಕಿದ್ದೇನೆ ಅಂತಲೇ ನನ್ನ ಕಾಲು ಪೂರಾ ನಂಬಿತ್ತು. ಕುರ್ಚಿಯ ಬ್ರೇಕ್ ಇರುವುದು ಗಾಲಿಯ ಪಕ್ಕದಲ್ಲಿ, ಅದನ್ನು ಕೈಯಲ್ಲಿ ಹಾಕಬೇಕು. ಸಿಸ್ಟರ್ ಹಿಂದಿನಿಂದ ಹಿಡಿದರು, ಹುಡುಗಿಗೆ ಏನೂ ಆಗಲಿಲ್ಲ. ಆದರೆ ಇಡೀ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಜನ್ಮವೆಲ್ಲ ಲಾರಿ ಓಡಿಸಿದವನು ಬ್ರೇಕ್ ಹಾಕದೆ ಫೇಲಾದ ಅಂತ ಅಡುಗೆಮನೆಯವರೆಗೂ ಸುದ್ದಿ ಹೋಯಿತು.

ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಮತ್ತೆ ಹೊಸ ತರಗತಿ ಶುರುವಾಗುವವರೆಗೆ ಕಾಯಬೇಕು, ಅಷ್ಟರಲ್ಲಿ ಅತ್ತಿಗೆಯ ಸೊಂಟ ಏನಾಗುತ್ತದೋ ಅಂತ ನನಗೆ ಜೀವ ಬಾಯಿಗೆ ಬಂದಿತ್ತು. ಅದರ ಮೇಲೆ ಸಿಸ್ಟರ್ ನನ್ನನ್ನು ಹಜಾರದ ಕೊನೆಯ ಕೋಣೆಗೆ ಹಾಕಿದರು. ಅಲ್ಲಿ ಇದ್ದವರು ರೆಫರಿ ತಾತ.

ಅವರ ವಿಷಯ ನಿನಗೆ ಹೇಳಲೇಬೇಕು. ಹಿಂದೆ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವರು. ನಿನ್ನ ಹಾಗೇ ಬಲಭಾಗ ಬಿದ್ದುಹೋಗಿದೆ, ಜೊತೆಗೆ ಮಾತೂ ಹೋಗಿದೆ. ಕೊರಳಲ್ಲಿ ಹಳೆಯ ಸೀಟಿ ಮಾತ್ರ ಉಳಿದಿದೆ. ಯಾರಾದರೂ ಮುಟ್ಟಿದರೆ ಸಾಕು, ಎಡಗೈಯಲ್ಲಿ ಸೀಟಿ ಬಾಯಿಗಿಟ್ಟು ಫೌಲ್ ಊದುತ್ತಾರೆ. ಅಂಗಿ ಹಾಕಲು ಹೋದರೆ ಫೌಲ್, ದಿಂಬು ಸರಿಮಾಡಿದರೆ ಫೌಲ್. ಬಲಗಣ್ಣಿನ ಕಡೆಯ ನೋಟವೂ ಮಂಜಾಗಿದೆ ಅಂತ ಸಿಸ್ಟರ್ ಹೇಳಿಕೊಟ್ಟಿದ್ದರು, ಅದಕ್ಕೆ ಎಡಗಡೆಯಿಂದಲೇ ಹೋಗುತ್ತಿದ್ದೆ. ಆದರೂ ನನ್ನ ಬೆರಳು ತಾಗಿದ ಕೂಡಲೇ ಕಿವಿ ಕಿತ್ತುಹೋಗುವಂತೆ ಊದುತ್ತಿದ್ದರು. ಒಂದು ದಿನ ಸ್ನಾನದಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಅಣ್ಣ. ಅವರ ಮೇಲಿನ ಸಿಟ್ಟಿಗಲ್ಲ. ಇವರೇ ಮುಟ್ಟಿಸಿಕೊಳ್ಳದಿದ್ದರೆ ನೀನು ಮುಟ್ಟಿಸಿಕೊಳ್ಳುತ್ತೀಯಾ ಅನ್ನುವ ಭಯಕ್ಕೆ.

ಮಾರನೆಯ ದಿನ ಅವರ ಅಂಗಿ ಬದಲಿಸುವ ಹೊತ್ತು. ಬಿಚ್ಚುವಾಗ ಶಕ್ತಿ ಇರುವ ತೋಳು ಮೊದಲು ಹೊರಗೆ, ಬಿದ್ದ ತೋಳು ಕೊನೆಗೆ. ಹಾಕುವಾಗ ಉಲ್ಟಾ, ಬಿದ್ದ ತೋಳು ಮೊದಲು. ಅಂಗಿಯನ್ನು ಕೈಯಲ್ಲಿ ಸುರುಳಿ ಮಾಡಿ ಹಿಡಿದು ನಿಂತೆ. ಹೊಸ ಅಂಗಿ, ಇಸ್ತ್ರಿಯ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಅಂಗಡಿ ನೆನಪಾಯಿತು. ನೀನು ಟೇಪು ಹಿಡಿದು ಗಿರಾಕಿಯ ಸುತ್ತ ತಿರುಗುತ್ತಿದ್ದದ್ದು, ನಾನು ಸ್ಟೂಲಿನ ಮೇಲೆ ಕೂತು ಅಳತೆ ಬರೆದುಕೊಳ್ಳುತ್ತಿದ್ದದ್ದು. ನೀನು ಟೇಪು ತಾಗಿಸುವ ಮುಂಚೆಯೇ ಕೂಗುತ್ತಿದ್ದೆ. ಭುಜ, ಅನ್ನುತ್ತಿದ್ದೆ, ಆಮೇಲೆ ಭುಜ ಮುಟ್ಟುತ್ತಿದ್ದೆ. ತೋಳು, ಆಮೇಲೆ ತೋಳು. ನಾನು ಬರೆದುಕೊಳ್ಳಲಿ ಅಂತ ಕೂಗುತ್ತೀಯ ಅಂತಲೇ ಇಷ್ಟು ವರ್ಷ ತಿಳಿದುಕೊಂಡಿದ್ದೆ. ಆದರೆ ಕಚಗುಳಿಯ ಗಿರಾಕಿಯೂ, ನಾಚಿಕೆಯ ಗಿರಾಕಿಯೂ ನಿನ್ನ ಕೈಯಲ್ಲಿ ಒಂದು ದಿನವೂ ಬೆಚ್ಚಿದ್ದು ನಾನು ನೋಡಿಲ್ಲ.

ನನ್ನ ಬಾಯಿಂದ ತಾನಾಗಿ ಬಂತು, ನಿನ್ನದೇ ರಾಗದಲ್ಲಿ. ಮಣಿಕಟ್ಟು ಅಂದೆ, ಒಂದು ಕ್ಷಣ ನಿಂತೆ, ಆಮೇಲೆ ಅವರ ಬಿದ್ದ ಕೈಯ ಮಣಿಕಟ್ಟಿಗೆ ಅಂಗಿಯ ತೋಳು ತೂರಿಸಿದೆ. ಮೊಣಕೈ. ಭುಜ. ಬೆನ್ನು. ಕಾಲರ್. ಸೀಟಿ ಊದಲಿಲ್ಲ! ಕೈ ಸೀಟಿಯ ಮೇಲೇ ಇತ್ತು, ಬಾಯಿಗೆ ಹೋಗಲಿಲ್ಲ. ಕಾಲರ್ ಅಂದಾಗ ಅವರೇ ಗದ್ದ ಎತ್ತಿ ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್, ನಾನು ಹೇಳಿಕೊಟ್ಟದ್ದೂ ಇದೇ, ಮುಟ್ಟುವ ಮೊದಲು ಹೇಳಿ ಅಂತ ಬಾಯಿ ನೋಯಿಸಿಕೊಂಡೆ, ಈ ರಾಗ ಎಲ್ಲಿ ಕಲಿತಿರಿ ಅಂತ ಕೇಳಿದರು. ನಮ್ಮ ಅಣ್ಣನ ಅಂಗಡಿಯಲ್ಲಿ ಅಂದೆ. ಎಷ್ಟು ಜಂಬದಿಂದ ಅಂದೆ ಅಂದರೆ, ಅವರಿಗೆ ಅದು ದೊಡ್ಡ ಆಸ್ಪತ್ರೆಯ ಹೆಸರಿನಂತೆ ಕೇಳಿಸಿರಬೇಕು.

ಪರೀಕ್ಷೆಯ ದಿನ ರೋಗಿಯಾಗಿ ಯಾರು ಕೂರುತ್ತೀರಿ ಅಂತ ಕೇಳಿದಾಗ ರೆಫರಿ ತಾತ ಎಡಗೈ ಎತ್ತಿದರು. ಹುಡುಗಿಯರೆಲ್ಲ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಡ್ರೈವರಣ್ಣನ ಕಥೆ ಮುಗಿಯಿತು ಅಂತ. ಹೊರಗಿನಿಂದ ಬಂದ ಪರೀಕ್ಷಕಿ ಮೂಲೆಯಲ್ಲಿ ಪೆನ್ನು ಹಿಡಿದು ಕೂತರು. ಬಾಗಿಲು ತಟ್ಟಿ ನಿಂತೆ. ಮಾತಿಲ್ಲದ ತಾತ ಬಾ ಅನ್ನುವುದು ಹೇಗೆ? ನಿಂತೇ ಇದ್ದೆ. ಒಳಗಿನಿಂದ ಸೀಟಿಯ ಒಂದು ಸಣ್ಣ ಚಿಲಿಪಿಲಿ ಬಂತು, ಆಗ ಹೋದೆ. ಅಂಗಿ ಹಾಕಿದೆ, ಒಂದೊಂದು ಅಂಗದ ಹೆಸರು ಮೊದಲು ಹೇಳಿ. ಗುಂಡಿ ಅವರಿಗೇ ಬಿಟ್ಟೆ. ಎಡಗೈಯ ಮೂರು ಬೆರಳಲ್ಲಿ ಗುಂಡಿಯ ಜೊತೆ ಗುದ್ದಾಡಿದರು. ಗುಂಡಿ ತೂರುವ ಕಾಜಾ ಬಿಗಿ ಇತ್ತು, ನೀನು ಮಾಡಿದ್ದರೆ ಇಷ್ಟು ಬಿಗಿ ಮಾಡುತ್ತಿರಲಿಲ್ಲ. ನನ್ನ ಬೆರಳು ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಪರೀಕ್ಷಕಿ ಗಡಿಯಾರ ನೋಡಿಕೊಂಡರು. ನಾನು ಅಲುಗಲಿಲ್ಲ. ಕೊನೆಯ ಗುಂಡಿಯೂ ಕೂತಿತು, ತಾತ ತಲೆ ಎತ್ತಿ ನನ್ನನ್ನು ನೋಡಿದರು.

ಆಮೇಲೆ ಕುರ್ಚಿ. ಶಕ್ತಿ ಇರುವ ಕಡೆಗೆ ತಂದು ನಿಲ್ಲಿಸಿದೆ, ಬಗ್ಗಿ ಎರಡೂ ಬ್ರೇಕ್ ಕೈಯಾರೆ ಹಾಕಿದೆ, ಅಲುಗಿಸಿ ನೋಡಿದೆ, ಬ್ರೇಕ್ ಬಿತ್ತು ಅಂತ ಜೋರಾಗಿ ಹೇಳಿದೆ. ಹಜಾರದಲ್ಲಿ ಕಿವಿ ಕೊಟ್ಟು ನಿಂತಿದ್ದ ಹುಡುಗಿಯರು ಕಿಸಕ್ಕೆಂದರು. ತಾತನನ್ನು ಮಂಚದ ಅಂಚಿಗೆ ಕೂರಿಸಿ ತಲೆ ಸುತ್ತು ಹೋಗುವವರೆಗೆ ಕಾದೆ. ಪಾದ ಎರಡೂ ನೆಲಕ್ಕೆ. ಸೊಂಟಕ್ಕೆ ಪಟ್ಟಿ. ಸೋತ ಮಂಡಿಗೆ ನನ್ನ ಮಂಡಿ ಆಸರೆ. ಕಂಕುಳಿಗೆ ಕೈ ಹಾಕಲಿಲ್ಲ, ಅಣ್ಣ. ನೀವು ಏಳಿ, ನಾನು ಜೊತೆಗಿದ್ದೇನೆ ಅಂದೆ. ಅವರೇ ಎದ್ದರು. ನಿಂತರು! ತಿರುಗಿ ಕೂತರು. ನನ್ನ ಬಲಗಾಲು ಆಗಲೂ ನೆಲ ಒತ್ತಿತ್ತು ಬಿಡು, ಅದಕ್ಕೇನು ಮಾಡಲು ಆಗುವುದಿಲ್ಲ.

ಕುರ್ಚಿಯಲ್ಲಿ ಕೂತ ತಾತ ಸೀಟಿ ಬಾಯಿಗಿಟ್ಟರು. ಆದರೆ ಅದು ಫೌಲ್ ಅಲ್ಲ. ಪಂದ್ಯ ಮುಗಿದಾಗ ಊದುವ ಉದ್ದನೆಯ ಸೀಟಿ, ಉಸಿರು ಮುಗಿಯುವವರೆಗೆ ಊದಿದರು. ಊದಿ, ಎಡಗೈಯಿಂದ ನನ್ನ ಕೈ ಹಿಡಿದು ಮೇಲಕ್ಕೆತ್ತಿದರು. ಹಜಾರದ ಕೋಣೆಗಳಿಂದೆಲ್ಲ ಚಪ್ಪಾಳೆ ಬಂತು, ಯಾಕೆ ಅಂತ ಗೊತ್ತಿಲ್ಲದವರೂ ತಟ್ಟಿದರು. ಪರೀಕ್ಷಕಿ ನಕ್ಕು, ತೀರ್ಪು ಆಗಲೇ ಬಂದುಬಿಟ್ಟಿತಲ್ಲ, ಇನ್ನು ನಾನೇನು ಬರೆಯಲಿ ಅಂದರು.

ಪಾಸಾದೆ, ಅಣ್ಣ. ನಿನ್ನ ತಮ್ಮ ಪಾಸಾದ. ಶಾಲೆಯಲ್ಲಿ ಒಂದು ಸಲವೂ ನಿನಗೆ ಈ ಮಾತು ಹೇಳುವ ಯೋಗ ಬರಲಿಲ್ಲ, ಅದಕ್ಕೆ ಎರಡು ಸಲ ಬರೆದೆ. ಆರೈಕೆ ಮನೆಯಲ್ಲೇ ಮಧ್ಯಾಹ್ನದ ಪಾಳಿಯ ಕೆಲಸ ಕೊಟ್ಟಿದ್ದಾರೆ. ಬೆಳಗಿನ ಹೊತ್ತು ನನ್ನದು, ಅದನ್ನು ನಿನಗೆ ಇಟ್ಟಿದ್ದೇನೆ.

ಭುಜ ಅನ್ನುವುದನ್ನು ನಿನ್ನಿಂದ ಕಲಿತ,
ನಿನ್ನ ತಮ್ಮ

ಮರೆತ ಮಾತು: ಈ ಕಾಗದದ ಮೇಲೆ ಅಂಚೆಚೀಟಿ ಹುಡುಕಬೇಡ. ಇದನ್ನು ಬರೆದದ್ದು ನಿನ್ನ ಕತ್ತರಿಸುವ ಮೇಜಿನ ಮೇಲೇ, ಅಳತೆ ಬರೆಯುತ್ತಿದ್ದ ಆ ಸ್ಟೂಲಿನ ಮೇಲೆ ಕೂತು. ಬೆಳಗಿನ ಚಹಾ ಕೊಟ್ಟದ್ದು ಅತ್ತಿಗೆ, ಈಗ ಇದನ್ನು ಒಳಗೆ ತಂದುಕೊಟ್ಟದ್ದೂ ಅವರೇ. ಮೇಜಿನ ಧೂಳು ಒರೆಸಿದ್ದೇನೆ, ಗಾಲಿಕುರ್ಚಿ ಪಕ್ಕದಲ್ಲಿದೆ, ಎರಡೂ ಬ್ರೇಕ್ ಹಾಕಿದೆ. ಸ್ವಲ್ಪ ಹೊತ್ತಿನ ಮುಂಚೆ ನಿನ್ನ ಬಾಗಿಲು ತಟ್ಟಿದ ಸದ್ದಾಯಿತಲ್ಲ, ಅದು ನಾನು. ಹೊರಗೇ ನಿಂತಿದ್ದೇನೆ. ನೀನು ಬಾ ಅನ್ನುವವರೆಗೆ ಒಳಗೆ ಬರುವುದಿಲ್ಲ.