ಕೌದಿಯ ನಾಲ್ಕು ದಿಕ್ಕು

ಬೀದರ
17-12-2025

ಭಾಲ್ಕಿಯ ಶೀತಲಕ್ಕನಿಗೆ ತಂಗಿ ಆರತಿಯ ನಮಸ್ಕಾರ.

ನಿನ್ನ ಫೋನನ್ನು ಮೂರು ಸಲ ಕಟ್ ಮಾಡಿದ್ದಕ್ಕೆ ಬೈಯಬೇಡ. ಬಾಯಿಂದ ಹೇಳಲಾರೆ, ಅದಕ್ಕೇ ತಡವಾಗಿಯಾದರೂ ಬರೆಯುತ್ತಿದ್ದೇನೆ. ಇಲ್ಲಿಂದ ಔರಾದಕ್ಕೆ ಮರಳಿದಾಗಿನಿಂದ ಅವ್ವ ಯಾಕೆ ಮಂಕಾಗಿದ್ದಾಳೆ ಎಂದು ಕೇಳಿದ್ದೆಯಲ್ಲ, ಕೇಳು.

ನನ್ನ ಸಂಶೋಧನೆ ನಿನಗೆ ಗೊತ್ತೇ ಇದೆ. ಕಾಗದದ ಮೇಲೆ ಚುಕ್ಕಿಗಳು, ಅವನ್ನು ಕೂಡಿಸುವ ನೆಟ್ಟನೆಯ ಗೆರೆಗಳು, ಒಂದು ಚುಕ್ಕಿಗೆ ಹೆಚ್ಚೆಂದರೆ ಮೂರು. ಚುಕ್ಕಿಯನ್ನು ಎಲ್ಲಿ ಬೇಕಾದರೂ ಇಡಬಹುದು, ಆದರೆ ಒಂದು ಗೆರೆ ಇನ್ನೊಂದನ್ನು ದಾಟಕೂಡದು. ಎಷ್ಟು ಕಡಿಮೆ ದಿಕ್ಕುಗಳಲ್ಲಿ ಎಳೆದು ಮುಗಿಸಬಹುದು ಎಂಬುದೇ ಪ್ರಶ್ನೆ. ಎರಡು ವರ್ಷ ಒದ್ದಾಡಿದರೂ ನನಗೆ ಐದು ದಿಕ್ಕು ಬೇಕೇ ಬೇಕಾಗುತ್ತಿತ್ತು. ಯುಗಾದಿಗೆ ಮನೆಗೆ ಹೋದಾಗ ಅವ್ವ ಹಳೆ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತ ನನ್ನ ಕಾಗದ ನೋಡಿ ನಕ್ಕಳು. "ನಡಬರಕಿಂದ ಯಾರರ ಸುರು ಮಾಡ್ತಾರೇನ ಹುಚ್ಚಿ? ಮೊದಲ ಅಂಚು ಹೊಲಿ, ಆಮ್ಯಾಲ ಒಳಗ ಬಾ. ಉದ್ದ, ಅಡ್ಡ, ಎರಡು ಓರೆ, ಇಷ್ಟು ಸಾಕು." ಅಂಚಿನಿಂದ ಒಳಗೆ ಬಂದೆ ಅಕ್ಕಾ, ನಾಲ್ಕೇ ದಿಕ್ಕಿನಲ್ಲಿ ಮುಗಿಯಿತು! ಸಭೆಯಲ್ಲಿ ಎಲ್ಲರೆದುರು ಅವಳ ಹೆಸರು ತೋರಿಸುತ್ತೇವೆ ಎಂದು ಅವ್ವನಿಗೆ ಮಾತು ಕೊಟ್ಟೆ.

ಹೋದ ಶನಿವಾರ ನಮ್ಮ ಕಾಲೇಜಿನಲ್ಲಿ ವಿಚಾರ ಸಂಕಿರಣ. ಅವ್ವ ಇಳಕಲ್ಲ ಸೀರೆ ಉಟ್ಟು ಮೊದಲ ಬಸ್ಸಿಗೇ ಬಂದಳು. ನನ್ನ ಮಾರ್ಗದರ್ಶಕ ಮನ್ಮಥಪ್ಪ ಸರ್ ನಾನೂ ಅವರೂ ಕೂಡಿ ಮಾಡಿದ ಕೆಲಸವನ್ನು ಮಂಡಿಸಿದರು. ಕೊನೆಗೆ ಪರದೆಯ ಮೇಲೆ ಕೃತಜ್ಞತೆ ಬಂತು: ಪ್ರಾಚಾರ್ಯರು, ಆಡಳಿತ ಮಂಡಳಿ, ಚಹಾ ಮಾಡಿಸಿದವರು ಸಹ! ನಮ್ಮವ್ವ ಗಂಗುಬಾಯಿಯ ಹೆಸರಿಲ್ಲ. ಅಕ್ಷರ ಬಾರದ ಅವ್ವ ನನ್ನನ್ನು ಮೊಣಕೈಯಿಂದ ತಿವಿದು, "ನನ್ನ ಹೆಸರು ಯಾವ ಸಾಲಿನಾಗ ಅದ?" ಎಂದಳು. ಸರ್ ತೆಗೆಸಿಬಿಟ್ಟಿದ್ದರು. ಕೌದಿ ಹೊಲಿಯುವವಳ ಹೆಸರು ಬಂದರೆ ಗಣಿತಕ್ಕೆ ಮೈಲಿಗೆಯೇ? ಬುದ್ಧಿ ಬೇಕು, ಬುದ್ಧಿ ಹೇಳಿದವಳು ಬೇಡ! ಮೇಲಿಂದ ಊಟದ ಹೊತ್ತಿಗೆ ಸರ್ ಅವ್ವನ ಹತ್ತಿರ ಬಂದು, "ಅವ್ವಾರ, ಕೌದಿ ಛಲೋ ಹೊಲಿತೀರಂತಲ್ರಿ, ನಮ್ಮ ಮನಿಗೂ ಒಂದು ಹೊಲಿದು ಕೊಡ್ರಿ" ಎನ್ನಬೇಕೆ! "ಕೊಡ್ತೀನ್ರಿ" ಎಂದಳು ಅವ್ವ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು. ನನ್ನ ಮೈಯೆಲ್ಲ ಉರಿಯಿತು.

ಭಾವನವರಿಗೆ ನಮಸ್ಕಾರ. ನಿನ್ನ ಮಗಳು ಸಪನಾಗೆ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಆದರೆ ಓದಿದವರ ಈ ಬುದ್ಧಿ ಅವಳಿಗೆ ಬರದಿರಲಿ.

ನಿನ್ನ ತಂಗಿ,
ಆರತಿ

ತಾ.ಕ.: ಸರ್ ತೆಗೆಸಲಿಲ್ಲ ಅಕ್ಕಾ. "ನಿಮ್ಮ ಅವ್ವನ ಹೆಸರು ಹಾಕವಾ, ನಂದೇನ ತಕರಾರಿಲ್ಲ" ಎಂದೇ ಹೇಳಿದ್ದರು. ಹೈದರಾಬಾದಿನಿಂದ ಬಂದ ಪ್ರೊಫೆಸರರು ಕೌದಿ ಎಂದರೆ ನಕ್ಕಾರು ಎಂದು ಆ ಸಾಲನ್ನು ಅಳಿಸಿದವಳು ನಾನೇ. ಬಸ್ ಹತ್ತುವಾಗ ಅವ್ವ, "ನಿಮ್ಮ ಸರ್ ಮ್ಯಾಲ ಸಿಟ್ಟಾಗಬ್ಯಾಡ, ಗದ್ದಲದಾಗ ಮರ್ತಿರಬೇಕು" ಎಂದಳು. ನಾನು ಹೂಂ ಎಂದೆ.