ಗಾಜಿನ ಮೇಲಿನ ಭಂಡಾರ

ಕೊಗನೊಳ್ಳಿ
೧೧–೩–೧೯೯೧

ವಸ್ತುಸಂಗ್ರಹಾಲಯದ ಗೌರಾಬಾಯಿ ಮೇಡಮ್ ಅವರಿಗೆ ಪೂಜಾರಿ ಕಾಮಣ್ಣನ ನಮಸ್ಕಾರಗಳು.

ಮೊನ್ನೆ ನಿಮ್ಮಲ್ಲಿಗೆ ಬಂದಾಗ ನಮ್ಮವ್ವ ಲಗಮವ್ವ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕು. ನಾವು ನಿಮಗೆ ಕೊಟ್ಟ ದೇವರ ಹಳೆಯ ಹಿತ್ತಾಳೆ ಮುಖವನ್ನು ಕಂಡೊಡನೆ, ಅವಳು ಉಡಿಯಿಂದ ಭಂಡಾರದ ಅರಿಸಿನ ಪುಡಿ ತೆಗೆದು ತೂರಿಬಿಟ್ಟಳು. ನಡುವೆ ಗಾಜಿರುವುದು ಅವಳಿಗೆ ಕಾಣಲಿಲ್ಲ. ಗಾಜೆಲ್ಲ ಹಳದಿಯಾಯಿತು. ನೋಡಲು ಬಂದಿದ್ದ ಪರದೇಶದವರು ಹಿಂದೆ ಸರಿದರು. ನಾನು ತಲೆ ತಗ್ಗಿಸಿ ನಿಂತೆ.

ನೀವು ಬೈಯಲಿಲ್ಲ. ಅವರ ಭಾಷೆಯಲ್ಲಿ ಅವರಿಗೆ ಏನೋ ತಿಳಿಸಿ ಹೇಳಿದಿರಿ. ಅವರು ಚಪ್ಪಲಿ ಬಿಟ್ಟು ಹತ್ತಿರ ಬಂದರು. ಕಸಬರಿಗೆ ತಂದವನನ್ನು ತಡೆದು, ನೆಲಕ್ಕೆ ಬಿದ್ದದ್ದನ್ನು ನೀವೇ ಕೈಯಾರೆ ಬಳಿದು ಪೊಟ್ಟಣ ಕಟ್ಟಿದಿರಿ. "ತಗೋರಿ ಯವ್ವಾ, ದೇವರಿಗೆ ಕೊಟ್ಟದ್ದು, ತುಳೀಬಾರದು" ಎಂದಿರಿ.

ಹಳೆಯ ಮುಖ ಸವೆದಿದೆಯೆಂದು ಎರಡು ವರ್ಷದ ಹಿಂದೆ ಗುಡಿಗೆ ಹೊಸದನ್ನು ಮಾಡಿಸಿದವನು ನಾನೇ. "ಇಂವ ಯಾರಂತ ನನಗ ಗುರ್ತಿಲ್ಲ" ಎಂದ ಅವ್ವ ಅದಕ್ಕೆ ಒಮ್ಮೆಯೂ ಕೈ ಮುಗಿದಿರಲಿಲ್ಲ. ನನ್ನೊಡನೆಯೂ ಮಾತು ಬಿಟ್ಟಿದ್ದಳು.

ಒಂದು ವಿನಂತಿ. ದೇವರ ಮುಂದಿನ ಫಲಕದಲ್ಲಿ ಭಂಡಾರದ ಸಂಗತಿಯನ್ನೂ ಬರೆಸಿರಿ, ಗಡಿಯಾಚೆಯ ಭಕ್ತರಿಗಾಗಿ ಮರಾಠಿಯಲ್ಲೂ ಇರಲಿ. ಬಂದವರಿಗೆಂದು ಗಾಜಿನ ಹೊರಗೆ ಒಂದು ತಟ್ಟೆ ಇಡಿರಿ. ಭಂಡಾರ ನಾವು ಕಳಿಸುತ್ತೇವೆ.

ನಿನ್ನೆ ರವಿವಾರ ಅವ್ವ ನಿಮ್ಮ ಪೊಟ್ಟಣ ಬಿಚ್ಚಿ ಹೊಸ ಮುಖಕ್ಕೆ ಹಚ್ಚಿದಳು. ಉಳಿದ ಚಿಟಿಕೆಯನ್ನು ನನ್ನ ಹಣೆಗೆ ಇಟ್ಟು, "ಉಂಡಿ ಏನೋ ಕಾಮಣ್ಣಾ?" ಎಂದು ಕೇಳಿದಳು.

ನಿಮ್ಮ ಉಪಕಾರ ಮರೆಯದ,
ಕಾಮಣ್ಣ ಪೂಜಾರಿ